ಬಿಡದ ಬೋಲ್ಟು, ಹಿಡಿದ ಬ್ರೇಕು

ಕಾರೊಂದನ್ನು ಹ್ಯಾಂಡ್ ಬ್ರೇಕು ಎಳೆದು, ಮಂಗಳೂರಿನಲ್ಲೋ ಉಡುಪಿಯಲ್ಲೋ ತೆರೆದ ಅಂಗಳದಲ್ಲಿ ಮಳೆಗಾಲವಿಡೀ ನಿಲ್ಲಿಸಿದೆವೆನ್ನಿ. ಮಳೆ ನಿಂತ ಮೇಲೆ ಅದನ್ನು ಹೊರಡಿಸಹೋದಾಗ ಎಂಜಿನು ಮೊರೆಯುತ್ತದೆ, ಮುಂದಿನ ಗಾಲಿಗಳು ಎಳೆಯುತ್ತವೆ. ಹಿಂದಿನ ಗಾಲಿಗಳು ಮಾತ್ರ ತಿರುಗದೆ ನೆಲವನ್ನು ಉಜ್ಜಿಕೊಂಡು ಬರುತ್ತವೆ. ಬ್ರೇಕನ್ನು ನಾವು ಬಿಟ್ಟಿದ್ದೇವೆ. ಅದು ಗಾಲಿಯನ್ನು ಬಿಟ್ಟಿಲ್ಲ. ಗಾಲಿಯನ್ನು ಕಳಚಿ ನೋಡೋಣವೆಂದರೆ ಅದರ ನಟ್ಟುಗಳೂ ಅಲುಗವು. ಇಂತಹ ಹೊತ್ತಿನಲ್ಲಿ ನಮ್ಮ ಕೈ ಮೊದಲು ಹೋಗುವುದು ಉದ್ದನೆಯ ಕೊಳವೆಯ ಕಡೆಗೆ. ಸ್ಪ್ಯಾನರಿನ ಹಿಡಿಗೆ ಅದನ್ನು ಸಿಕ್ಕಿಸಿ ಜೋತುಬೀಳುತ್ತೇವೆ, ಬೋಲ್ಟು ಮುರಿಯುತ್ತದೆ. ಒಂದು ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ.

ಬೋಲ್ಟಿನ ಮೇಲಿನ ತಿರುಪು ಎಂದರೆ ಉರುಳೆಯೊಂದಕ್ಕೆ ಸುತ್ತಿದ ಇಳಿಜಾರೇ ಹೊರತು ಬೇರೆಯಲ್ಲ. ಸಣ್ಣ ಕಾರುಗಳ ಗಾಲಿಯಲ್ಲಿ ಸಾಮಾನ್ಯವಾಗಿರುವ 12 ಮಿಲಿಮೀಟರು ದಪ್ಪದ ಬೋಲ್ಟಿನಲ್ಲಿ ನಟ್ಟು ಒಂದು ಸುತ್ತು ತಿರುಗಿದರೆ 1.5 ಮಿಲಿಮೀಟರು ಮಾತ್ರ ಮುಂದೆ ಸರಿಯುತ್ತದೆ. ಹಾಗಾದರೆ ಈ ಇಳಿಜಾರಿನ ಓರೆ ಎರಡೂವರೆ ಡಿಗ್ರಿಯಷ್ಟು. ಇಷ್ಟು ಅಲ್ಪ ಓರೆಯಲ್ಲಿ ಘರ್ಷಣೆಯನ್ನು ಮೀರಿ ನಟ್ಟು ತಾನಾಗಿ ಜಾರಲಾರದು. ಒಂದು ಮೀಟರು ಉದ್ದದ ಹಿಡಿಯ ತುದಿಗೆ 10 ಕಿಲೋಗ್ರಾಂ ತೂಗುಹಾಕಿದಷ್ಟು ಬಲದಿಂದ ಇದನ್ನು ಬಿಗಿದರೆ ಬೋಲ್ಟು ಸುಮಾರು 4 ಟನ್ನುಗಳ ಸೆಳೆತದಿಂದ ಗಾಲಿಯನ್ನು ಅದುಮಿ ಹಿಡಿಯುತ್ತದೆ. ಸ್ವಾರಸ್ಯವೆಂದರೆ, ನಾವು ಪಡುವ ಶ್ರಮದಲ್ಲಿ ಹತ್ತರಲ್ಲೊಂದು ಪಾಲಷ್ಟೇ ಈ ಸೆಳೆತವಾಗಿ ಉಳಿಯುವುದು. ಮಿಕ್ಕ ಒಂಬತ್ತು ಪಾಲು ಘರ್ಷಣೆಗೆ ಸಲ್ಲುತ್ತದೆ. ನಟ್ಟನ್ನು ಕಾಯುವ ಈ ಘರ್ಷಣೆಯೇ ತುಕ್ಕಿನೊಡನೆ ಸೇರಿದಾಗ ನಮಗೆ ವೈರಿಯಾಗುತ್ತದೆ.

ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಉಪ್ಪು ಇವುಗಳ ಕೆಲಸವನ್ನು ತ್ವರೆಗೊಳಿಸುತ್ತದೆ. ಕರಾವಳಿಯ ಗಾಳಿಯಲ್ಲಿ ಅದಕ್ಕೆ ಕೊರತೆಯಿಲ್ಲ. ತಿರುಪಿನ ಸಂದಿಯೊಳಗೆ ಇಳಿದ ನೀರಿಗೆ ಗಾಳಿಯ ಸಂಪರ್ಕ ಕಡಮೆ, ಹೊರಗಿನ ನೀರಿಗೆ ಹೆಚ್ಚು. ಈ ವ್ಯತ್ಯಾಸದಿಂದಲೇ ಅಲ್ಲೊಂದು ಪುಟ್ಟ ವಿದ್ಯುತ್ಕೋಶ ಏರ್ಪಟ್ಟು, ಆಮ್ಲಜನಕ ಕಡಮೆಯಿರುವ ಒಳಭಾಗವೇ ಕರಗತೊಡಗುತ್ತದೆ. ಹೊರಗೆ ಅಷ್ಟೇನೂ ಕೆಡದಂತೆ ಕಾಣುವ ಬೋಲ್ಟು ಒಳಗೆ ಕಚ್ಚಿಕೊಂಡಿರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ತುಕ್ಕಿನ ಗಾತ್ರ. ತಾನು ತಿಂದ ಕಬ್ಬಿಣಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಸಂದಿಯಲ್ಲಿ ಅಷ್ಟು ಜಾಗವೆಲ್ಲಿದೆ? ಆದ್ದರಿಂದ ಅದು ಎರಡು ಲೋಹಗಳ ನಡುವೆ ಬೆಣೆಯಂತೆ ಬಿಗಿಯುತ್ತದೆ.

ಶತ್ರು ಯಾರೆಂದು ತಿಳಿದ ಮೇಲೆ ಉಪಾಯಗಳ ಅರ್ಥವೂ ತಿಳಿಯುತ್ತದೆ. ಹೊರಗೆ ಕಾಣುವ ತಿರುಪನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತೆಳ್ಳನೆಯ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಇದು ಸಂದಿಯೊಳಕ್ಕೆ ತಾನೇ ನುಸುಳುತ್ತದೆ. (ಇದಕ್ಕೆಂದು ಬಹಳ ಮಂದಿ ಬಳಸುವ ಡಬ್ಲ್ಯುಡಿ-40, 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಲೋಹದಿಂದ ನೀರನ್ನು ಹೊರದೂಡಿ ತುಕ್ಕನ್ನು ತಡೆಯಲೆಂದು, ಹೆಸರಿನಲ್ಲಿರುವ 40 ಎಂಬುದು ನಲವತ್ತನೆಯ ಪ್ರಯತ್ನದ ಗುರುತು.) ಬಳಿಕ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಚುರುಕಾದ ನಾಲ್ಕಾರು ಪೆಟ್ಟು. ತುಕ್ಕು ಗಡುಸಾದರೂ ಪೆಡಸು. ಅದುಮಿದರೆ ತಾಳಿಕೊಳ್ಳುತ್ತದೆ, ಹೊಡೆದರೆ ಬಿರಿಯುತ್ತದೆ. ಆ ಬಿರುಕುಗಳೇ ಎಣ್ಣೆಗೆ ದಾರಿ. ಆಮೇಲೆ ನಟ್ಟನ್ನು ಬಿಚ್ಚುವ ಕಡೆಗೆ ಮಾತ್ರ ಎಳೆಯದೆ, ಮೊದಲು ಕೂದಲೆಳೆಯಷ್ಟು ಬಿಗಿದು ಬಳಿಕ ಬಿಚ್ಚಬೇಕು. ಹೀಗೆ ಹಿಂದೆ ಮುಂದೆ ಆಡಿಸಿದರೆ ತುಕ್ಕು ಪುಡಿಯಾಗುತ್ತದೆ. ಗಾಲಿಯ ನಟ್ಟುಗಳ ಮೊದಲ ಬಿಗಿಯನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಬೇಕೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಬೋಲ್ಟು ತಿರುಚುವಿಕೆಯನ್ನು ತಾಳುವ ಶಕ್ತಿ ಅದರ ವ್ಯಾಸದ ಘನವನ್ನು ಅವಲಂಬಿಸಿದೆ. 12 ಮಿಲಿಮೀಟರಿನ ಬೋಲ್ಟು ತಾಳುವುದರ ಎಂಟನೆಯ ಒಂದು ಭಾಗವನ್ನಷ್ಟೇ 6 ಮಿಲಿಮೀಟರಿನದು ತಾಳುತ್ತದೆ. ಬ್ರೇಕಿನ ದ್ರವದಿಂದ ಗಾಳಿಯನ್ನು ಹೊರಬಿಡಲು ಇಟ್ಟಿರುವ ಬ್ಲೀಡರ್ ತಿರುಪಂತೂ ಸಣ್ಣದು, ಸಾಲದ್ದಕ್ಕೆ ನಡುವೆ ಟೊಳ್ಳು. ಗಾಲಿಯ ನಟ್ಟಿಗೆ ಹಾಕುವ ಬಲವನ್ನು ಅದಕ್ಕೆ ಹಾಕಿದರೆ ಕೈಯಲ್ಲಿ ಅದರ ತಲೆ ಮಾತ್ರ ಉಳಿಯುತ್ತದೆ.

ಕಾಯಿಸುವುದು ಕೊನೆಯ ಉಪಾಯ. ಕಾಯಿಸಬೇಕಾದುದು ನಟ್ಟನ್ನು, ಬೋಲ್ಟನ್ನಲ್ಲ. 12 ಮಿಲಿಮೀಟರಿನ ನಟ್ಟಿನ ಉಷ್ಣತೆ 300 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಅದರ ರಂಧ್ರ 0.04 ಮಿಲಿಮೀಟರು ಹಿಗ್ಗುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ತುಕ್ಕಿನ ಹಿಡಿತವನ್ನು ಸೀಳಲು ಅನೇಕ ವೇಳೆ ಅಷ್ಟೇ ಸಾಕು. ಹಾಗೆ ಕಾಯಿಸಿದ ನಟ್ಟನ್ನು ಮತ್ತೆ ಬಳಸಬಾರದು. ಆದರೆ ಬ್ರೇಕಿನ ಬಳಿ ಬೆಂಕಿ ಸಲ್ಲದು: ಅಲ್ಲಿ ರಬ್ಬರಿನ ಬಿಲ್ಲೆಗಳಿವೆ, ಹೊತ್ತಿಕೊಳ್ಳಬಲ್ಲ ದ್ರವವಿದೆ. ಬ್ರೇಕು ತೊಳೆಯುವ ಕೆಲವು ದ್ರವಗಳಲ್ಲಿ ಕ್ಲೋರಿನ್ ಇರುವುದರಿಂದ, ಅವು ಕಾದರೆ ಫಾಸ್‌ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು.

ಇನ್ನು ಹಿಡಿದ ಬ್ರೇಕಿನ ಮಾತು. ಎರಕದ ಕಬ್ಬಿಣದ ಡ್ರಮ್ಮಿನ ಒಳಮೈ ತುಕ್ಕು ಹಿಡಿದು, ಅದಕ್ಕೆ ಒತ್ತಿಕೊಂಡಿರುವ ಷೂವಿನ ಪದರವನ್ನು ಅಂಟಿನಂತೆ ಹಿಡಿದಿರುತ್ತದೆ. ಕಾರನ್ನು ಮೆಲ್ಲನೆ ಹಿಂದೆ ಮುಂದೆ ಆಡಿಸಿದರೆ ಅದು ಒಮ್ಮೊಮ್ಮೆ ಟಪ್ಪನೆ ಬಿಡುವುದುಂಟು. ಗಾಲಿ ತಿರುಗಿತೆಂದು ಅಲ್ಲಿಗೇ ಬಿಡುವುದು ಅಪಾಯ. ಪದರ ಷೂವಿನಿಂದ ಕಿತ್ತು ಬಂದಿರಬಹುದು. ಇಲ್ಲವೆ ಬ್ರೇಕು ಅರೆಬರೆ ಹಿಡಿದೇ ಇದ್ದು ಉಜ್ಜುತ್ತಿರಬಹುದು. ಅಂತಹ ಕಾರು ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಏನಾಗುತ್ತದೆಂಬುದನ್ನು ಯೋಚಿಸಬೇಕು. ಸಾಮಾನ್ಯ ಬ್ರೇಕಿನ ದ್ರವ ಹೊಸದಾಗಿದ್ದಾಗ 205 ಡಿಗ್ರಿಯವರೆಗೂ ಕುದಿಯದು. ವರ್ಷಗಟ್ಟಲೆ ತೇವ ಹೀರಿದ ಮೇಲೆ 140 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ದ್ರವ ಒತ್ತಡಕ್ಕೆ ಕುಗ್ಗದು, ಆವಿ ಕುಗ್ಗುತ್ತದೆ. ಚಾಲಕ ತುಳಿದ ಪೆಡಲು ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ.

ಆದ್ದರಿಂದ ಡ್ರಮ್ಮನ್ನು ತೆಗೆದೇ ನೋಡಬೇಕು. ಕಾರು ಜಾಕಿನ ಮೇಲಲ್ಲ, ಗಟ್ಟಿಯಾದ ಸ್ಟ್ಯಾಂಡಿನ ಮೇಲಿರಲಿ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟಿರಲಿ. ಅನೇಕ ಡ್ರಮ್ಮುಗಳ ಮುಖದಲ್ಲಿ ಏತಕ್ಕೆಂದು ತಿಳಿಯದ ಎರಡು ತಿರುಪಿನ ರಂಧ್ರಗಳಿರುತ್ತವೆ. ಅವುಗಳಲ್ಲಿ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದರೆ ಡ್ರಮ್ಮು ತಾನಾಗಿ ಹೊರಕ್ಕೆ ಬರುತ್ತದೆ. ನಮ್ಮನ್ನು ಕಾಡಿದ ಇಳಿಜಾರೇ ಇಲ್ಲಿ ನಮ್ಮ ಆಳು. ತಟ್ಟುವುದಾದರೆ ಮರದ ಸುತ್ತಿಗೆಯಿಂದ ಮುಖದ ಮೇಲೆ ತಟ್ಟಬೇಕು. ಅಂಚಿಗೆ ಹೊಡೆದರೆ ಎರಕದ ಕಬ್ಬಿಣ ಸೀಳುತ್ತದೆ. ಒಳಗಿನ ಧೂಳನ್ನು ಬಾಯಿಂದ ಊದಬಾರದು. ಹಳೆಯ ಕಾರುಗಳ ಷೂಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಇರುತ್ತದೆ.

ಮತ್ತೆ ಜೋಡಿಸುವಾಗ ಗಾಲಿಯ ನಟ್ಟುಗಳಿಗೆ ಧಾರಾಳವಾಗಿ ಎಣ್ಣೆ ಹಚ್ಚೋಣವೆನಿಸುವುದು ಸಹಜ. ಹಚ್ಚಬಾರದು. ಘರ್ಷಣೆ ತಗ್ಗಿದರೆ ಅದೇ ತಿರುಗುಬಲ ಬೋಲ್ಟನ್ನು ಮಿತಿಮೀರಿ ಸೆಳೆಯುತ್ತದೆ. ಎಣ್ಣೆಯಿಲ್ಲದ ಶುಭ್ರವಾದ ತಿರುಪಿಗೇ ತಯಾರಕರು ಬಿಗಿಯ ಪ್ರಮಾಣವನ್ನು ಗೊತ್ತುಮಾಡಿರುವುದು ಸಾಮಾನ್ಯ. ಇನ್ನು, ಮುಂದಿನ ಮಳೆಗಾಲದಲ್ಲಿ ಸಮತಟ್ಟಾದ ಅಂಗಳದಲ್ಲಿ ಕಾರನ್ನು ಗೇರಿನಲ್ಲಿಟ್ಟು, ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕು ಎಳೆಯದೆ ನಿಲ್ಲಿಸಿದರೆ ಷೂ ಡ್ರಮ್ಮಿಗೆ ಅಂಟುವ ಪ್ರಸಂಗವೇ ಬಾರದು.