ಮೊದಲು ಹಗ್ಗ, ಆಮೇಲೆ ಗರಗಸ

ಕೊನೆ ತೆಗೆಯಲು ಮತ್ತು ಮರಗಸಿ ಮಾಡಲು ಜನ ಸಿಗುವುದಿಲ್ಲವೆಂಬ ದೂರು ಹೊಸತೇನಲ್ಲ. ಸಂಘದ ಜಗಲಿಯಲ್ಲಿ ಇಬ್ಬರು ಬೆಳೆಗಾರರು ಕುಳಿತರೆ ಮಾತು ಧಾರಣೆಯಿಂದ ಆರಂಭವಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ. ಆದರೆ ಇತ್ತೀಚೆಗೆ ಒಂದು ಬದಲಾವಣೆ ಕಾಣುತ್ತಿದೆ. ಎರಡು-ಮೂರು ಎಕರೆಯ ಮನೆಗಳ ಹುಡುಗರು, ಕಾದು ಸಾಕಾಗಿ, ತಾವೇ ಮರ ಹತ್ತಲು ಹೊರಟಿದ್ದಾರೆ. ಸಂತೋಷದ ವಿಷಯವೇ. ಆದರೆ ಅವರಲ್ಲಿ ಹೆಚ್ಚಿನವರು ಪೇಟೆಗೆ ಹೋಗಿ ಮೊದಲು ಕೊಳ್ಳುವುದು ಚೈನ್‌ಸಾ. ನಾನೂ ಹಾಗೆಯೇ ಮಾಡಿದವನಾದ್ದರಿಂದ ಈ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಚೈನ್‌ಸಾ ತಂದ ವರ್ಷವೇ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ಕೊಂಬೆ ಇಳಿಸಲು ಹೊರಟೆ. ಹಗ್ಗದ ವಿಚಾರ ತಲೆಗೆ ಬಂದದ್ದು ಮರದ ಬುಡದಲ್ಲಿ ನಿಂತ ಮೇಲೆ. ಅಂಗಡಿಯಲ್ಲಿ ನೈಲಾನ್ ಎಂದು ಹೇಳಿ ಕೊಟ್ಟ ನೀಲಿ ಹಗ್ಗವೊಂದು ಕೊಟ್ಟಿಗೆಯಲ್ಲಿತ್ತು. ಅದನ್ನೇ ಮೇಲಿನ ಕವಲಿಗೆ ಬಳಸಿ, ಕೊಂಬೆಯನ್ನು ಕಟ್ಟಿ, ಕತ್ತರಿಸಿದ ಮೇಲೆ ಕೆಳಗಿನಿಂದ ನಿಧಾನವಾಗಿ ಬಿಡುವ ಏರ್ಪಾಡು. ಕೊಂಬೆ ಹತ್ತು ಅಡಿ ಇಳಿಯುವಷ್ಟರಲ್ಲಿ ಹಗ್ಗ ಕವಲಿಗೆ ಉಜ್ಜಿ, ಬಿಸಿಯಾಗಿ, ಕರಗಿ ತುಂಡಾಯಿತು. ಕೆಳಗಿದ್ದ ನಾಲ್ಕು ಅರೇಬಿಕಾ ಗಿಡ ನೆಲಸಮ. ಕೊಂಬೆ ಬಿದ್ದ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಮುಂಚೆ ನಿಂತಿದ್ದ ಆಳು ಕುಡಿಯುವ ನೀರು ತರಲು ಮನೆ ಕಡೆ ಹೋಗಿದ್ದ. ಆ ದಿನ ಮಧ್ಯಾಹ್ನದ ಮೇಲೆ ಅದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಪಕ್ಕದ ಮರ ಹತ್ತುವುದೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಆಮೇಲೆ ಕಲಿತ ಒಂದು ಪರೀಕ್ಷೆಯನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಕೊಳ್ಳುವ ಹಗ್ಗದ ಗೇಣುದ್ದ ತುಂಡನ್ನು ಬಕೆಟ್ ನೀರಿಗೆ ಹಾಕಿ, ಕೈಯಿಂದ ಹಿಸುಕಿ ಗಾಳಿ ಬಿಡಿಸಿ. ತೇಲಿದರೆ ಅದು ಪಾಲಿಪ್ರೊಪಿಲೀನ್. ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ನಮ್ಮ ಪೇಟೆಗಳಲ್ಲಿ ನೈಲಾನ್ ಎಂಬ ಹೆಸರಿನಲ್ಲಿ ಮಾರುವ ನೀಲಿ, ಹಳದಿ ಹಗ್ಗಗಳಲ್ಲಿ ಬಹುಪಾಲು ತೇಲುವ ಜಾತಿಯವೇ. ಹೊರೆ ಕಟ್ಟಲು, ಟಾರ್ಪಾಲು ಬಿಗಿಯಲು ಅವು ಚೆನ್ನ. ಆದರೆ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತವೆ, ಉಜ್ಜಿದರೆ ಕರಗುತ್ತವೆ. ಅವುಗಳ ಮೇಲೆ ಮನುಷ್ಯನ ಭಾರ ಹಾಕಬಾರದು. ತೆಂಗಿನ ನಾರಿನ ಹಗ್ಗಕ್ಕೂ ಇದೇ ಮಾತು. ಅದು ಕರಗುವುದಿಲ್ಲ, ಆದರೆ ಒಳಗೊಳಗೇ ಕೊಳೆತಿರುವುದು ಹೊರಗೆ ಕಾಣುವುದಿಲ್ಲ.

ಮನುಷ್ಯನ ಭಾರಕ್ಕೆಂದೇ ಮಾಡಿದ ಹಗ್ಗ ಬೇರೆ. ಒಳಗೆ ಎಳೆಗಳ ತಿರುಳು, ಹೊರಗೆ ನೇಯ್ದ ಕವಚ, ದಪ್ಪ 11 ಮಿ.ಮೀ. ಆಸುಪಾಸು. ಬೆಟ್ಟ ಹತ್ತುವವರ ಮತ್ತು ಕೈಗಾರಿಕಾ ಸುರಕ್ಷತೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬುದನ್ನು ಅದರ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಚೀಟಿ ಇಲ್ಲದ ಹಗ್ಗವನ್ನು ಅಗ್ಗವೆಂದು ತರಬೇಡಿ. ಗಂಟು ಹಾಕಿದ ಜಾಗದಲ್ಲಿ ಬಲ ಮೂರನೆಯ ಒಂದು ಪಾಲಿನಷ್ಟು ಇಳಿಯುತ್ತದೆ, ನೈಲಾನ್ ಆದರೆ ಒದ್ದೆಯಾದಾಗ ಇನ್ನೂ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ನನ್ನ ತೂಕ ಅರವತ್ತು ಕಿಲೋ, ನೂರು ಕಿಲೋದ ಹಗ್ಗ ಸಾಕು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉದ್ದ ಎಷ್ಟು ಬೇಕೆಂದರೆ, ಹಗ್ಗ ಮೇಲಿನ ಕವಲು ಸುತ್ತಿ ಮತ್ತೆ ನೆಲ ಮುಟ್ಟಬೇಕು. ಅಂದರೆ ಆ ಎತ್ತರದ ಎರಡರಷ್ಟು, ಮೇಲೆ ಸ್ವಲ್ಪ.

ಮುಂದೆ ಬೆಲ್ಟು. ಕಟ್ಟಡ ಕೆಲಸದವರು ಹಾಕುವ ಬೆಲ್ಟಿನ ಬೆನ್ನ ಮೇಲೆ ಮಾತ್ರ ಕೊಂಡಿ ಇರುತ್ತದೆ. ಬಿದ್ದವನನ್ನು ತಡೆಯಲು ಮಾಡಿದ್ದು ಅದು. ಅದರ ಆಘಾತ ತಡೆಯುವ ಪಟ್ಟಿ ಬಿಚ್ಚಿಕೊಂಡು ಹಿಡಿಯಬೇಕಾದರೆ ಕೆಳಗೆ ಸುಮಾರು 6 ಮೀಟರಿನಷ್ಟು ಖಾಲಿ ಜಾಗ ಬೇಕು. ಅಷ್ಟರಲ್ಲಿ ನಿಮಗೆ ಇನ್ನೊಂದು ಕೊಂಬೆ ಸಿಕ್ಕಿರುತ್ತದೆ. ಮರದವನಿಗೆ ಬೇಕಾದದ್ದು ಸೊಂಟದ ಎರಡೂ ಬದಿಗೆ ಕೊಂಡಿ ಇರುವ, ತೊಡೆಗೂ ಪಟ್ಟಿ ಇರುವ ಬೆಲ್ಟು. ಆ ಎರಡು ಕೊಂಡಿಗಳ ನಡುವೆ ಮರವನ್ನು ಬಳಸಿ ಬರುವ ಗಿಡ್ಡ ಹಗ್ಗ. ಆಗ ಕಾಲು ಮರಕ್ಕೆ ಕೊಟ್ಟು, ಹಿಂದಕ್ಕೆ ಒರಗಿ, ಎರಡೂ ಕೈ ಬಿಟ್ಟು ಕೆಲಸ ಮಾಡಬಹುದು. ಬರೀ ಸೊಂಟಪಟ್ಟಿಯಲ್ಲಿ ನೇತಾಡಿದವನಿಗೆ ಉಸಿರು ಕಟ್ಟುತ್ತದೆ. ಹೆಲ್ಮೆಟ್ಟಿನ ವಿಚಾರ ಹೆಚ್ಚು ಹೇಳಬೇಕಿಲ್ಲ: ಐ.ಎಸ್.ಐ. ಗುರುತು, ಗಲ್ಲದ ಪಟ್ಟಿ ಎರಡೂ ಇರಲಿ. ಕೆಳಗೆ ನಿಂತವನಿಗೂ ಒಂದು ಬೇಕು, ಅವನಿಗೇ ಮೊದಲು ಬೇಕು. ಮೋಟಾರ್ ಸೈಕಲ್ಲಿನದು ಹಾಕಿಕೊಂಡರೆ ಕತ್ತೆತ್ತಿ ಮೇಲೆ ನೋಡಲು ಆಗುವುದಿಲ್ಲ.

ಅಡಿಕೆಯ ಲೆಕ್ಕವೇ ಬೇರೆ

ಇಷ್ಟು ಹೇಳಿದ್ದು ಕಾಫಿಯ ನೆರಳು ಮರಗಳಿಗೆ. ಅಡಿಕೆಯಲ್ಲಿ ಹಗ್ಗ ಕಟ್ಟಲು ಕವಲಿಲ್ಲ. ಕಾಲಿಗೆ ತಳೆ ಹಾಕಿ ಐವತ್ತು-ಅರವತ್ತು ಅಡಿ ಏರಿ, ಅಲ್ಲಿಂದ ಪಕ್ಕದ ಮರಕ್ಕೆ ತೂಗಿ ದಾಟುವವರ ಕೈಚಳಕ ಹತ್ತು ವರ್ಷದ ಅಭ್ಯಾಸದಿಂದ ಬಂದದ್ದು. ಬೆಲ್ಟು ಹಾಕಿಕೊಂಡು ಹಾಗೆ ದಾಟಲಾಗುವುದಿಲ್ಲ. ಆದುದರಿಂದಲೇ ಹಳಬರು ಬೆಲ್ಟು ಒಪ್ಪುವುದಿಲ್ಲ, ಅವರ ಮಾತಿನಲ್ಲಿ ಹುರುಳಿದೆ. ಆದರೆ ಹೊಸಬ ದಾಟಬೇಕಾಗಿಲ್ಲ. ಒಂದು ಮರ ಹತ್ತಿ, ಇಳಿದು, ಇನ್ನೊಂದು ಹತ್ತಲಿ. ದಿನಕ್ಕೆ ಆಗುವ ಮರಗಳ ಸಂಖ್ಯೆ ಕಡಿಮೆಯಾಗುತ್ತದೆ, ಆಗಲಿ.

ಮರವನ್ನು ಬಳಸಿದ ಪಟ್ಟಿ ಕಾಲು ಜಾರಿದರೆ ಹಿಡಿಯುತ್ತದೆ, ಮರವೇ ಮುರಿದರೆ ನಿಮ್ಮನ್ನೂ ಮರದೊಡನೆ ಕೆಡವುತ್ತದೆ. ತೋಟದ ಅಂಚಿನಲ್ಲಿ ನೈರುತ್ಯ ದಿಕ್ಕಿನ ಇಳಿಬಿಸಿಲು ಬಡಿದ ಮರಗಳ ಕಾಂಡ ಒಂದು ಬದಿ ಸುಟ್ಟು, ಸೀಳಿ, ಒಳಗೆ ಲಡ್ಡಾಗಿರುತ್ತದೆ. ಕತ್ತಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳಿ. ಬಡ್ಡು ಸದ್ದು ಬಂದ ಮರಕ್ಕೆ ಸುಣ್ಣದ ಗುರುತು ಹಾಕಿ ಬಿಡಿ. ಅಂಥ ಮರಗಳಿಗೆ ದೋಟಿಯೇ ಸರಿ.

ಹತ್ತುವ ಯಂತ್ರಗಳ ಬಗ್ಗೆ ಅನೇಕರು ಕೇಳುತ್ತಾರೆ. ಬಂಟ್ವಾಳ ಬಳಿಯ ಕೋಮಾಲೆಯ ಕೃಷಿಕ ಗಣಪತಿ ಭಟ್ಟರು ಮಾಡಿದ, ಕುಳಿತು ಮರವೇರುವ ಪೆಟ್ರೋಲ್ ಯಂತ್ರ 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ತೆಂಗಿಗೆ ಕೇರಳದ ಚೆಂಬೇರಿ ಮಾದರಿಯ ಕಾಲುತುಳಿತದ ಯಂತ್ರವಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ತರಬೇತಿ ಕಾರ್ಯಕ್ರಮದಲ್ಲಿ ಇಂಥ ಯಂತ್ರದಲ್ಲೇ ಸಾವಿರಾರು ಜನ ಹತ್ತಲು ಕಲಿತರು. ಯಂತ್ರಗಳನ್ನು ನಾನು ತೆಗಳುವುದಿಲ್ಲ. ಆದರೆ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಯಂತ್ರ ಏರುವುದಿಲ್ಲ, ನಮ್ಮಲ್ಲಿ ಬಳ್ಳಿ ಇಲ್ಲದ ಮರ ಎಷ್ಟಿವೆ? ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ಹೊಡೆಯುವ ಹೊತ್ತಿಗೆ ಕಾಂಡದ ಮೇಲೆ ಪಾಚಿ ಕಟ್ಟಿರುತ್ತದೆ. ಕೊಳ್ಳುವ ಮುಂಚೆ ನಿಮ್ಮದೇ ತೋಟದಲ್ಲಿ, ಮಳೆ ಬಂದ ಮರುದಿನ, ಹತ್ತಿ ತೋರಿಸಲು ಹೇಳಿ. ಸಹಾಯಧನದ ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ತಂದ ಸಾಮಾನು ಅಟ್ಟ ಸೇರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ದೋಟಿ, ಏಣಿ ಮತ್ತು ಕರೆಂಟು

ದೋಟಿಯಿಂದ ನೆಲದಲ್ಲೇ ನಿಂತು ಕೊನೆ ತೆಗೆಯಬಹುದು, ಔಷಧಿ ಹೊಡೆಯಬಹುದು. ಹತ್ತಲಾರದವರಿಗೆ ಇದು ದೊಡ್ಡ ಉಪಕಾರ. ತೋಟದ ಅತಿ ಎತ್ತರದ ಮರಕ್ಕೆ ಅಳತೆ ಕೊಡಬೇಡಿ. ಉದ್ದವಾದಷ್ಟೂ ತುದಿ ತೂಗಾಡುತ್ತದೆ, ಸಂಜೆಗೆ ಕತ್ತು, ಭುಜ ಮಾತು ಕೇಳುವುದಿಲ್ಲ. ಈ ಸಲ ಕೊನೆ ಇಳಿಸುವ ಹಗ್ಗದಲ್ಲಿ ಮರಗಳ ಎತ್ತರ ಗುರುತು ಮಾಡಿಕೊಳ್ಳಿ. ಹೆಚ್ಚಿನ ಮರಗಳು ಎಷ್ಟಿವೆಯೋ ಅಷ್ಟಕ್ಕೆ ಕೊಳ್ಳಿ, ಉಳಿದ ಹತ್ತಿಪ್ಪತ್ತು ಮರಕ್ಕೆ ಜನ ಕರೆಸಿ.

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಅಲ್ಯೂಮಿನಿಯಂ ದೋಟಿ ಮತ್ತು ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮೆಣಸು ಕುಯ್ಯುವ ಕಾಲದಲ್ಲಿ, ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಸಾಗಿಸುವಾಗ ಇದು ಆಗುತ್ತದೆ. ಕಣ್ಣು ಕಾಲಬುಡದಲ್ಲಿ, ಏಣಿಯ ತುದಿ ಎಲೆಗಳ ಮರೆಯಲ್ಲಿ. ಹಗುರವೆಂದು ಹೊಸದಾಗಿ ಬಂದಿರುವ ಕಾರ್ಬನ್ ಫೈಬರ್ ದೋಟಿ ಲೋಹವಲ್ಲವಲ್ಲ, ಅಪಾಯವಿಲ್ಲ ಎಂದು ತಿಳಿದವರಿದ್ದಾರೆ. ತಪ್ಪು. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಒಣಗಿದ, ಶುಚಿಯಾದ ಫೈಬರ್ ಗ್ಲಾಸ್ ಹರಿಸುವುದಿಲ್ಲ, ಆದರೆ ಬೋರ್ಡೋ ಸೋರಿ ಒದ್ದೆಯಾದದ್ದನ್ನು ನಂಬಬಾರದು. ಹಸಿ ಬಿದಿರೂ ಅಷ್ಟೇ. 11 ಕೆ.ವಿ. ತಂತಿಗೆ ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಕಿಡಿ ಹಾರುತ್ತದೆ. ರಬ್ಬರ್ ಬೂಟು ಆಗ ಕಾಪಾಡುವುದಿಲ್ಲ.

ನಾನು ಪಾಲಿಸುವ ಅಳತೆ ಇದು: ದೋಟಿಯೋ ಏಣಿಯೋ ಕೈತಪ್ಪಿ ತಂತಿಯ ಕಡೆಗೆ ಬಿದ್ದರೆ ಮುಟ್ಟೀತೇ? ಮುಟ್ಟುವುದಾದರೆ ಲೈನ್ ಆಫ್ ಮಾಡಿಸದೆ ಅಲ್ಲಿ ಕೆಲಸವಿಲ್ಲ. ಕೊಳ್ಳುವ ಮೊದಲು ತೋಟ ಸುತ್ತಿ ತಂತಿ ಹಾದ ಸಾಲುಗಳನ್ನು ಎಣಿಸಿ. ಅವು ಹೆಚ್ಚಿದ್ದರೆ ಲೋಹದ ಏಣಿ ತರಲೇಬೇಡಿ. ನಮ್ಮ ಕಾಫಿ ತೋಟಗಳ ಹಳೆಯ ಒಂಟಿ ಬಿದಿರಿನ ಏಣಿಯನ್ನು ಒಣಗಿಸಿ, ನೆರಳಲ್ಲಿಟ್ಟು, ಪ್ರತಿ ವರ್ಷ ಗೆಣ್ಣು ನೋಡಿಕೊಂಡು ಬಳಸಿದರೆ ಈಗಲೂ ಅದಕ್ಕೆ ಕುಂದಿಲ್ಲ.

ಕೊಯ್ಯುವ ಸಾಮಾನು

ಹಾಲುವಾಣದ ತೆಳು ಕೊಂಬೆಗೆ ಕತ್ತಿ ಸಾಕು. ಆದರೆ ಹಗ್ಗದಲ್ಲಿ ನೇತುಕೊಂಡು ಕತ್ತಿ ಬೀಸುವುದು ಹೊಸಬನಿಗೆ ತಕ್ಕುದಲ್ಲ. ಬಿಗಿಯಾಗಿ ಎಳೆದ ಹಗ್ಗಕ್ಕೆ ಹರಿತವಾದ ಅಲಗು ತಾಗಿದರೆ ಸಾಕು. ಕೈಗರಗಸ ಕೊಳ್ಳಿ: ಬಾಗಿದ ಅಲಗು, ಉದ್ದ 12ರಿಂದ 13 ಅಂಗುಲ, ಒರೆ ಸಹಿತ. ಬಡಗಿಯ ಗರಗಸ ತಳ್ಳುವಾಗ ಕೊಯ್ಯುತ್ತದೆ, ಇದು ಎಳೆಯುವಾಗ. ಮರದ ಮೇಲೆ ಎಳೆಯಲು ಮೈಭಾರ ಸಿಗುತ್ತದೆ, ತಳ್ಳಲು ಸಿಗುವುದಿಲ್ಲ. ಐದಾರು ಅಂಗುಲ ದಪ್ಪದವರೆಗೆ ಆರಾಮವಾಗಿ ಕೊಯ್ಯುತ್ತದೆ. ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಸ್ವಲ್ಪ, ಅದರಾಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬು ಬಿಟ್ಟು. ಹೀಗೆ ಮಾಡಿದರೆ ತೊಗಟೆ ಹರಿಯುವುದಿಲ್ಲ. ಇನ್ನೊಂದು ಲಾಭ: ಕೈಗರಗಸ ದಣಿಸುವುದರಿಂದ ಬೇಡದ ಕೊಂಬೆ ಕಡಿಯುವುದಿಲ್ಲ. ಚೈನ್‌ಸಾ ಬಂದ ಮೇಲೆ ಬೋಳಾದ ಅರೇಬಿಕಾ ತೋಟಗಳಲ್ಲಿ ಬಿಸಿಲು ಬಿದ್ದು ಕಾಂಡಕೊರಕ ಏರಿದ್ದನ್ನು ಯಾರೂ ಗರಗಸದ ಲೆಕ್ಕಕ್ಕೆ ಬರೆಯುವುದಿಲ್ಲ.

ಚೈನ್‌ಸಾ ಬೇಡವೆಂದಲ್ಲ. ಬಿದ್ದ ಮರ ತುಂಡು ಮಾಡಲು, ಸೌದೆಗೆ, 14 ಅಂಗುಲದ ಪಟ್ಟಿಯದು ಸಣ್ಣ ಹಿಡುವಳಿಗೆ ಸಾಕು. ಪಟ್ಟಿಯ ಮೂತಿಯ ಮೇಲರ್ಧ ಮರಕ್ಕೆ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಎಗರುತ್ತದೆ. ಚೈನ್ ಬ್ರೇಕ್ ಇಲ್ಲದ್ದನ್ನು ಮುಟ್ಟಬೇಡಿ. ಏಣಿಯ ಮೇಲೆ ನಿಂತಾಗ, ಭುಜದಿಂದ ಮೇಲೆ, ಎಂದೂ ಬಳಸಬೇಡಿ. ಚೈನ್ ಹರಿತ ಮಾಡುವ ಉರುಟು ಅರವನ್ನು ಅಂಗಡಿಯಲ್ಲೇ ಕೇಳಿ ತನ್ನಿ. ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾದ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ.ನದು. ಹೊಟ್ಟಿನ ಬದಲು ನುಣ್ಣನೆಯ ಪುಡಿ ಉದುರತೊಡಗಿದರೆ ಚೈನ್ ಮೊಂಡಾಗಿದೆ. ಒಳ್ಳೆಯ ಕಂಪೆನಿಯ ಒಂದು ಚೈನ್‌ಸಾದ ಬೆಲೆಗೆ ಹಗ್ಗ, ಬೆಲ್ಟು, ಎರಡು ಹೆಲ್ಮೆಟ್ಟು, ಕೈಗರಗಸ ಎಲ್ಲವೂ ಬರುತ್ತವೆ. ಅವು ಬಂದ ಮರುವರ್ಷ ಚೈನ್‌ಸಾ ನೋಡೋಣ.

ಇದನ್ನೆಲ್ಲ ಓದಿ ಮರ ಹತ್ತಲು ಬರುವುದಿಲ್ಲ. ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರದಲ್ಲಿ 2018ರಲ್ಲಿ ಅಡಿಕೆ ಮರ ಹತ್ತುವ ತರಬೇತಿ ಶಿಬಿರ ನಡೆದಿತ್ತು. ಅಂಥ ಶಿಬಿರ ಎಲ್ಲೇ ನಡೆದರೂ ಮನೆಯ ಹುಡುಗನನ್ನು ಕಳುಹಿಸಿ. ನಮ್ಮ ಸಂಘವೇ ಒಂದನ್ನು ಏರ್ಪಡಿಸಬಾರದೇಕೆ ಎಂದು ಮುಂದಿನ ಮಹಾಸಭೆಯಲ್ಲಿ ಕೇಳುವವನಿದ್ದೇನೆ. ದೋಟಿ, ಏಣಿ, ಚೈನ್‌ಸಾಗಳನ್ನು ಐದಾರು ಮನೆ ಸೇರಿ ಕೊಂಡರೆ ಖರ್ಚು ಹಗುರವಾಗುತ್ತದೆ. ಹಗ್ಗ, ಬೆಲ್ಟು ಮಾತ್ರ ಅವರವರದ್ದೇ ಇರಲಿ. ಎರವಲು ಹೋದ ಹಗ್ಗದಿಂದ ಜೀಪು ಎಳೆದರೋ, ಅದರ ಮೇಲೆ ಬ್ಯಾಟರಿಯ ಆಸಿಡ್ ಚೆಲ್ಲಿತೋ, ಹಿಂತಿರುಗಿ ಬಂದಾಗ ಅದು ಹೇಳುವುದಿಲ್ಲ.

ಹಗ್ಗದ ಕವಚ ಹರಿದು ಒಳಗಿನ ಬಿಳಿ ತಿರುಳು ಕಂಡ ದಿನ, ಅಥವಾ ಬೆರಳಲ್ಲಿ ನೇವರಿಸುವಾಗ ಎಲ್ಲಾದರೂ ಮೆತ್ತಗೆ ಸಿಕ್ಕಿದ ದಿನ, ಅದರ ಕೆಲಸ ಮುಗಿಯಿತು. ಅದನ್ನು ಇಡಿಯಾಗಿ ಕೊಟ್ಟಿಗೆಯಲ್ಲಿ ತೂಗುಹಾಕಬೇಡಿ, ಯಾರಾದರೂ ಎತ್ತಿಕೊಂಡು ಹತ್ತುತ್ತಾರೆ. ಮಾರುದ್ದದ ತುಂಡುಗಳಾಗಿ ಕತ್ತರಿಸಿ ದನ ಕಟ್ಟಲು ಬಳಸಿ. ನನ್ನ ಮೊದಲ ಹಗ್ಗದ ತುಂಡುಗಳಲ್ಲಿ ನಾಲ್ಕು ಇನ್ನೂ ಹಟ್ಟಿಯಲ್ಲಿವೆ.