ಕಳಪೆ ತಂತಿ ಕೊಟ್ಟ ವ್ಯಾಪಾರಿ, ಹಾಸಿಗೆಯಿಂದಲೇ ಸೇತುವೆ ಕಟ್ಟಿಸಿದ ಎಂಜಿನಿಯರ್

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಸಿನಿಮಾದಲ್ಲಾದರೂ ನೋಡಿರುತ್ತೀರಿ. ನಕ್ಷೆ ಹಾಕಿದ್ದು ಜಾನ್ ರೋಬ್ಲಿಂಗ್. ಕಾಮಗಾರಿಗೆ ಮೊದಲೇ, 1869ರಲ್ಲಿ, ದೋಣಿ ಬಡಿದು ಕಾಲ್ಬೆರಳು ಜಜ್ಜಿತು. ಧನುರ್ವಾಯು ಆಗಿ ತಿಂಗಳೊಳಗೇ ತೀರಿಕೊಂಡರು. ಹೊಣೆ 32 ವರ್ಷದ ಮಗ ವಾಷಿಂಗ್ಟನ್ ಹೆಗಲಿಗೆ ಬಿತ್ತು.

ಬುನಾದಿಗಾಗಿ ನದಿ ತಳಕ್ಕೆ ಭಾರೀ ಮರದ ಪೆಟ್ಟಿಗೆ ಇಳಿಸಿ, ಒಳಗೆ ಒತ್ತಡದ ಗಾಳಿ ತುಂಬಿ ಮಣ್ಣು ತೆಗೆಯುತ್ತಿದ್ದರು. ಅಲ್ಲಿಂದ ಗಡಿಬಿಡಿಯಲ್ಲಿ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತೆ. ಆಗ ಅದು ಗೊತ್ತಿರಲಿಲ್ಲ. ಕೂಲಿಗಳು ಸತ್ತರು, 1872ರಲ್ಲಿ ವಾಷಿಂಗ್ಟನ್ ಕೂಡ ಹಾಸಿಗೆ ಹಿಡಿದರು. ಹೆಂಡತಿ ಎಮಿಲಿ ಲೆಕ್ಕ, ಉಕ್ಕಿನ ಗುಣ ಎಲ್ಲ ಕಲಿತು ಹತ್ತು ವರ್ಷ ಅವರ ಸೂಚನೆಗಳನ್ನು ಸೈಟಿಗೆ ಮುಟ್ಟಿಸಿದರು. ಅರ್ಧ ಸೇತುವೆ ಆಕೆಯದ್ದೇ ಅನ್ನಬೇಕು.

ನಮ್ಮ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾಗುವ ಸಂಗತಿ 1878ರದ್ದು. ಉಕ್ಕಿನ ತಂತಿ ಸಪ್ಲೈ ಮಾಡುತ್ತಿದ್ದವ ಲಾಯ್ಡ್ ಹೇಗ್. ಪರೀಕ್ಷೆಗೆ ಒಳ್ಳೆ ಮಾಲು ತೋರಿಸಿ, ಗಾಡಿ ದಾರಿಯಲ್ಲಿರುವಾಗ ರಿಜೆಕ್ಟ್ ಆದ ಸುರುಳಿ ತುಂಬಿಸಿ ಕಳಿಸುತ್ತಿದ್ದ. ಅದೇ ಒಳ್ಳೆ ಮಾಲು ಮತ್ತೆ ಪರೀಕ್ಷೆಗೆ ವಾಪಸ್! ಗೊತ್ತಾಗುವಷ್ಟರಲ್ಲಿ ಕಳಪೆ ತಂತಿ ಕೇಬಲ್ಲಿನೊಳಗೆ ಸೇರಿಹೋಗಿತ್ತು, ಬಿಚ್ಚೋ ಹಾಗಿಲ್ಲ.

ವಾಷಿಂಗ್ಟನ್ ಲೆಕ್ಕ ಹಾಕಿದರು. ಬೇಕಾದ್ದಕ್ಕಿಂತ ಆರು ಪಟ್ಟು ಗಟ್ಟಿ ಇರಲಿ ಅಂತ ಮೊದಲೇ ಯೋಜಿಸಿದ್ದರಿಂದ, ಐದು ಪಟ್ಟಾದರೂ ಉಳಿಯುತ್ತಿತ್ತು. ಆದರೂ ಪ್ರತಿ ಕೇಬಲ್ಲಿಗೆ ಸುಮಾರು 150 ತಂತಿ ಹೆಚ್ಚುವರಿ ಹಾಕಿಸಿದರು, ಹೇಗ್‌ನ ಖರ್ಚಲ್ಲೇ.

1883ರ ಮೇ 24ರಂದು ಸೇತುವೆ ತೆರೆಯಿತು. ವಾಷಿಂಗ್ಟನ್ ಮನೆಯಲ್ಲೇ ಇದ್ದರು. ಅಧ್ಯಕ್ಷ ಆರ್ಥರ್ ಅಲ್ಲಿಗೇ ಬಂದು ಕೈಕುಲುಕಿದರು. ಆ ಕಳಪೆ ತಂತಿ ಇವತ್ತಿಗೂ ಕೇಬಲ್ಲಿನೊಳಗೇ ಇದೆ.