ಋಣ ತೀರಿಸುವ ದ್ವೀಪ: 'ಲಾಸ್ಟ್' ಧಾರಾವಾಹಿಯಲ್ಲಿ ಪಾಪ, ಪ್ರಾಯಶ್ಚಿತ್ತ, ಕ್ಷಮೆ

ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಷಿಯಾನಿಕ್ 815 ವಿಮಾನ ಪೆಸಿಫಿಕ್ ಸಾಗರದ ಅಜ್ಞಾತ ದ್ವೀಪವೊಂದರಲ್ಲಿ ಮುರಿದು ಬೀಳುತ್ತದೆ. ಬದುಕುಳಿದವರು ರಕ್ಷಣೆಗಾಗಿ ಕಾಯುತ್ತಾರೆ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 2004ರ ಸೆಪ್ಟೆಂಬರ್ 22ರಂದು ಆರಂಭವಾಗಿ 2010ರ ಮೇ 23ರಂದು ಮುಕ್ತಾಯಗೊಂಡ 'ಲಾಸ್ಟ್' ಧಾರಾವಾಹಿಯ ಮೇಲ್ನೋಟದ ಕಥೆ ಇಷ್ಟೇ. ಆದರೆ ಆರು ಆವೃತ್ತಿಗಳುದ್ದಕ್ಕೂ ಅದು ಕೇಳಿದ ಪ್ರಶ್ನೆಯೇ ಬೇರೆ: ತಪ್ಪು ಮಾಡಿದ ಮನುಷ್ಯನಿಗೆ ಬಿಡುಗಡೆ ಉಂಟೇ? ಉಂಟಾದರೆ ಅದನ್ನು ಕೊಡುವವರು ಯಾರು?

ಖಾಲಿ ಹಲಗೆಯ ಭ್ರಮೆ

ದ್ವೀಪಕ್ಕೆ ಬಿದ್ದವರಲ್ಲಿ ಬಹುತೇಕರಿಗೆ ಮುಚ್ಚಿಡಬೇಕಾದ ಗತಕಾಲವೊಂದಿದೆ. ಕೇಟ್ ಪೊಲೀಸರ ವಶದಲ್ಲಿದ್ದ ಕೊಲೆ ಆರೋಪಿ. ಸಾಯರ್ ವಂಚಕ, ತನ್ನ ತಂದೆತಾಯಿಯ ಸಾವಿಗೆ ಕಾರಣನಾದ ಮೋಸಗಾರನ ಹೆಸರನ್ನೇ ಇಟ್ಟುಕೊಂಡು ಅದೇ ಕಸುಬಿಗೆ ಇಳಿದವನು. ಗಾಲಿಕುರ್ಚಿಯಲ್ಲಿದ್ದ ಜಾನ್ ಲಾಕ್ ಇಲ್ಲಿ ಎದ್ದು ನಡೆಯುತ್ತಾನೆ. ಮೊದಲ ಆವೃತ್ತಿಯ ಮೂರನೆಯ ಕಂತಿನ ಹೆಸರೇ 'ಟ್ಯಾಬ್ಯುಲಾ ರಾಸಾ', ಅಂದರೆ ಏನೂ ಬರೆಯದ ಹಲಗೆ. ಅದರಲ್ಲಿ ವೈದ್ಯ ಜ್ಯಾಕ್, ಎಲ್ಲರೂ ಹೊಸದಾಗಿ ಬದುಕು ಆರಂಭಿಸಬಹುದೆಂದು ಕೇಟ್‌ಗೆ ಅಭಯ ನೀಡುತ್ತಾನೆ.

ಆದರೆ ಕಥೆ ಈ ಅಭಯವನ್ನು ಒಪ್ಪುವುದಿಲ್ಲ. ಅನೇಕ ಕಂತುಗಳಲ್ಲಿ ಒಬ್ಬೊಬ್ಬರ ಹಿಂದಿನ ಬದುಕನ್ನು ತೆರೆದಿಡುವ ನಿರೂಪಣಾ ಕ್ರಮವೇ ಅದಕ್ಕೆ ಉತ್ತರ. ಊರು ಬಿಟ್ಟರೂ ಮಾಡಿದ್ದು ಬೆನ್ನು ಬಿಡುವುದಿಲ್ಲ.

ಮೂವರು, ಮೂರು ದಾರಿ

ಹೆರಾಯಿನ್ ವ್ಯಸನಿಯಾಗಿದ್ದ ಸಂಗೀತಗಾರ ಚಾರ್ಲಿಯ ಬಿಡುಗಡೆ ಎಲ್ಲಕ್ಕಿಂತ ಸರಳವಾದುದು. 2007ರಲ್ಲಿ ಪ್ರಸಾರವಾದ ಮೂರನೆಯ ಆವೃತ್ತಿಯ ಕೊನೆಯಲ್ಲಿ, ನೀರು ನುಗ್ಗುತ್ತಿರುವ ಕೋಣೆಯ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡು, ಅಂಗೈ ಮೇಲೆ ಬರೆದ ಎಚ್ಚರಿಕೆಯನ್ನು ಗೆಳೆಯನಿಗೆ ತೋರಿಸಿ, ಶಿಲುಬೆಯ ಗುರುತು ಮಾಡಿಕೊಂಡು ಪ್ರಾಣ ಬಿಡುತ್ತಾನೆ.

ನೈಜೀರಿಯಾದ ಎಕೊನ ದಾರಿ ಕಠಿಣ. ತಮ್ಮನ ಕೈಯಿಂದ ಕೊಲೆ ಮಾಡಿಸಲು ಬಂದ ಶಸ್ತ್ರಧಾರಿಗಳೆದುರು ಬಾಲಕ ಎಕೊ ತಾನೇ ಬಂದೂಕು ಕಸಿದು ಗುಂಡು ಹಾರಿಸುತ್ತಾನೆ. ತಮ್ಮ ಪಾದ್ರಿಯಾಗುತ್ತಾನೆ, ಅಣ್ಣ ಪಾತಕಿಯಾಗುತ್ತಾನೆ. ಮುಂದೆ ಪಾದ್ರಿಯ ಉಡುಪು ಧರಿಸಿ, ದ್ವೀಪದಲ್ಲಿ ಇಗರ್ಜಿ ಕಟ್ಟಲು ಹೊರಟ ಎಕೊ, ತಮ್ಮನ ರೂಪದಲ್ಲಿ ಬಂದ ಶಕ್ತಿಯೆದುರು ಪಾಪನಿವೇದನೆಗೆ ನಿರಾಕರಿಸುತ್ತಾನೆ. ತಮ್ಮನನ್ನು ಉಳಿಸಿದ್ದು ಪಾಪವಲ್ಲವೆಂಬುದು ಅವನ ನಿಲುವು. ಅದಕ್ಕಾಗಿ ಅವನು ಪ್ರಾಣವನ್ನೇ ತೆರುತ್ತಾನೆ. ಅವನು ಹೇಳಿದ್ದು ತಪ್ಪೋ ಸರಿಯೋ ಎಂಬ ತೀರ್ಪನ್ನು ಧಾರಾವಾಹಿ ಪ್ರೇಕ್ಷಕನಿಗೇ ಬಿಟ್ಟಿದೆ.

ಇರಾಕ್ ಸೇನೆಯಲ್ಲಿ ಕೈದಿಗಳಿಗೆ ಚಿತ್ರಹಿಂಸೆ ನೀಡುತ್ತಿದ್ದ ಸಯೀದ್ ಹಿಂಸೆಯನ್ನು ತೊರೆಯಲು ಬಯಸಿಯೂ ಮತ್ತೆ ಮತ್ತೆ ಜಾರುತ್ತಾನೆ. ಕೊನೆಗೆ ಜಲಾಂತರ್ಗಾಮಿಯಲ್ಲಿ ಸಿಡಿಯಲಿದ್ದ ಬಾಂಬನ್ನು ಎತ್ತಿಕೊಂಡು ಇತರರಿಂದ ದೂರ ಓಡುತ್ತಾನೆ. ಒಳ್ಳೆಯವನಾಗುವುದು ಒಂದೇ ಬಾರಿಗೆ ಮುಗಿಯುವ ಕೆಲಸವಲ್ಲವೆಂಬುದಕ್ಕೆ ಅವನೇ ಸಾಕ್ಷಿ.

ಬಾಗಿಲಾಚೆ ಉಳಿದವನು

ಅಂತಿಮ ಕಂತನ್ನು ನೋಡಿದ ಅನೇಕರು, ವಿಮಾನ ಬಿದ್ದಾಗಲೇ ಎಲ್ಲರೂ ಸತ್ತಿದ್ದರೆಂದು ಭಾವಿಸಿದರು. ಅದು ಸರಿಯಲ್ಲ. ದ್ವೀಪದಲ್ಲಿ ನಡೆದದ್ದೆಲ್ಲವೂ ನಿಜ. ಆರನೆಯ ಆವೃತ್ತಿಯಲ್ಲಿ ಸಮಾನಾಂತರವಾಗಿ ಸಾಗುವ ಇನ್ನೊಂದು ಬದುಕು ಮಾತ್ರ ಮರಣಾನಂತರದ್ದು. ಬೇರೆ ಬೇರೆ ಕಾಲದಲ್ಲಿ ಸತ್ತವರು ಪರಸ್ಪರರನ್ನು ಮತ್ತೆ ಕಂಡುಕೊಳ್ಳಲು ತಾವೇ ಕಟ್ಟಿಕೊಂಡ ತಾಣ.

ಅವರೆಲ್ಲ ಸೇರುವ ಕಟ್ಟಡದ ಬಣ್ಣದ ಗಾಜಿನ ಕಿಟಕಿಯಲ್ಲಿ ಶಿಲುಬೆಯ ಜೊತೆಗೆ ಓಂಕಾರ, ಧರ್ಮಚಕ್ರ, ಅರ್ಧಚಂದ್ರ, ಯಹೂದಿ ನಕ್ಷತ್ರ ಹಾಗೂ ಯಿನ್-ಯಾಂಗ್ ಚಿಹ್ನೆಗಳಿವೆ. ದ್ವೀಪದಲ್ಲಿದ್ದ ಸಂಶೋಧನಾ ಸಂಸ್ಥೆಯ ಹೆಸರು 'ಧರ್ಮ', ಅದರ ವಂದನೆ 'ನಮಸ್ತೆ'. ಆ ಹೆಸರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಕೂಡಿಸಿದ್ದು. ಆದ್ದರಿಂದ ಭಾರತೀಯ ತತ್ತ್ವವನ್ನು ಅಲ್ಲಿ ಹುಡುಕುವ ಅಗತ್ಯವಿಲ್ಲ. ಆದರೆ ಅಂತಿಮ ಕಂತು ಹೇಳಲು ಯತ್ನಿಸುವ ಭಾವಕ್ಕೆ ಕನ್ನಡದಲ್ಲಿ ಸಿದ್ಧವಾದ ಪದವೊಂದಿದೆ: ಋಣಾನುಬಂಧ.

ಈ ಮಾತು ಸ್ಪಷ್ಟವಾಗುವುದು ಬೆನ್ ಲೈನಸ್‌ನ ಪಾತ್ರದಲ್ಲಿ. ಹಟಕ್ಕೆ ಬಿದ್ದು ಸಾಕುಮಗಳನ್ನು ಕಳೆದುಕೊಂಡವನು, ಜಾನ್ ಲಾಕ್‌ನ ಕತ್ತು ಬಿಗಿದು ಕೊಂದವನು ಅವನು. ಆ ಕಟ್ಟಡದ ಹೊರಗೆ ಅವನು ಕ್ಷಮೆ ಯಾಚಿಸುತ್ತಾನೆ, ಲಾಕ್ ಕ್ಷಮಿಸುತ್ತಾನೆ. ಹರ್ಲಿ ಒಳಗೆ ಕರೆಯುತ್ತಾನೆ. ಆದರೂ ಬೆನ್ ತಾನು ಸರಿಪಡಿಸಿಕೊಳ್ಳಬೇಕಾದುದು ಇನ್ನೂ ಇದೆಯೆಂದು ಹೊರಗೇ ಉಳಿಯುತ್ತಾನೆ.

ಬಿಡುಗಡೆಯ ಕುರಿತು 'ಲಾಸ್ಟ್' ನೀಡುವ ಉತ್ತರ ಇಲ್ಲಿದೆ. ಕ್ಷಮೆಯನ್ನು ಇನ್ನೊಬ್ಬರು ಕೊಡಬಹುದು. ಪ್ರಾಯಶ್ಚಿತ್ತವನ್ನು ತಾನೇ ಮಾಡಿಕೊಳ್ಳಬೇಕು. ಆದರೆ ಅದನ್ನು ಯಾರೂ ಒಂಟಿಯಾಗಿ ಮುಗಿಸಲಾರರು. ಬೆನ್‌ಗೆ ಬಾಗಿಲು ಮುಚ್ಚಲಿಲ್ಲ. ಅವನು ತನ್ನ ಸರದಿಗೆ ಕಾಯುತ್ತಾನೆ, ಅಷ್ಟೇ.